ನಾಯಕಿಯ ಗೆಳತಿ ಯಾವಾಗಲೂ ಫ್ರೀ

ರೊಮ್ಯಾಂಟಿಕ್ ಕಾಮಿಡಿ ನೋಡುವ ಚಟ ನನಗೆ ಬಹಳ ಹಳೆಯದು. ಅದರಲ್ಲೂ ಹಾಲಿವುಡ್ಡಿನ ದೊಡ್ಡ ಸ್ಟುಡಿಯೊಗಳು ತೆಗೆಯುವಂಥವು. ಕಥೆ ಮೊದಲೇ ಗೊತ್ತಿರುತ್ತದೆ, ಅದಕ್ಕೇ ನೋಡುವುದು. ಇಬ್ಬರು ಡಿಕ್ಕಿ ಹೊಡೆಯುತ್ತಾರೆ, ಕಾಗದಗಳು ಚೆಲ್ಲಾಪಿಲ್ಲಿ ಆಗುತ್ತವೆ, ಜಗಳ ಆಗುತ್ತದೆ, ಮಳೆ ಬರುತ್ತದೆ, ಕೊನೆಗೆ ಒಬ್ಬರು ಏರ್‌ಪೋರ್ಟಿನೊಳಗೆ ಓಡುತ್ತಾರೆ, ಸೆಕ್ಯುರಿಟಿಯವರು ಮೂಗು ಒರೆಸಿಕೊಂಡು ದಾರಿ ಬಿಡುತ್ತಾರೆ. ಇದೆಲ್ಲ ನನಗೆ ಒಪ್ಪಿಗೆ.

ಮೊನ್ನೆ ಹೀಗೇ ಒಂದು ಹಾಕಿಕೊಂಡು ಕೂತಿದ್ದೆ. ಹೆಸರು ಬೇಡ ಬಿಡಿ, ಹೇಳಿದರೂ ನೀವು ನೋಡಿದ್ದು ಇದೋ ಇದರ ತಂಗಿಯೋ ಅಂತ ನಿಮಗೇ ಗೊತ್ತಾಗುವುದಿಲ್ಲ.

ರಾತ್ರಿ ಎರಡು ಗಂಟೆ. ಪ್ರಿಯಕರ ಕೈಕೊಟ್ಟಿದ್ದಾನೆ. ನಾಯಕಿ ಫೋನ್ ತೆಗೆದು ಗೆಳತಿಗೆ ಮಾಡುತ್ತಾಳೆ. ಗೆಳತಿ ಕಪ್ಪು ಹುಡುಗಿ, ಮಾತು ಚುರುಕು. ಮೊದಲ ರಿಂಗಿಗೇ ಎತ್ತುತ್ತಾಳೆ. ಮುಂದಿನ ಶಾಟ್‌ನಲ್ಲಿ ಆಗಲೇ ನಾಯಕಿಯ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಾಳೆ. ಕೂದಲು ಒಪ್ಪವಾಗಿದೆ, ಕಿವಿಯಲ್ಲಿ ದೊಡ್ಡ ರಿಂಗು, ಕೈಯಲ್ಲಿ ಐಸ್‌ಕ್ರೀಮ್ ಡಬ್ಬ, ಚಮಚ ಎರಡು. ಅವನು ನಿನಗೆ ತಕ್ಕವನೇ ಅಲ್ಲ ಕಣೇ ಅನ್ನುತ್ತಾಳೆ.

ಅಲ್ಲಿಗೆ ನಾನು ನಿಲ್ಲಿಸಿದೆ. ಸುಮ್ನೆ ಒಂದು ಅನುಮಾನ. ಈ ಹೊತ್ತಲ್ಲಿ ಈಕೆ ಎಲ್ಲಿಂದ ಬಂದಳು? ಅವಳ ಮನೆಯಲ್ಲಿ ಪಕ್ಕದಲ್ಲಿ ಯಾರಾದರೂ ಮಲಗಿದ್ದರಾ? ಬೆಳಗ್ಗೆ ಕೆಲಸಕ್ಕೆ ಹೋಗಬೇಡವಾ? ಸಿನಿಮಾವನ್ನು ಮತ್ತೆ ಮೊದಲಿನಿಂದ ಓಡಿಸಿ ಅವಳ ಮನೆ ಹುಡುಕಿದೆ. ಸಿಗಲಿಲ್ಲ. ಆಫೀಸಿನಲ್ಲಿ ನಾಯಕಿಯ ಟೇಬಲ್ಲಿನ ತುದಿಯಲ್ಲಿ ಕೂರುತ್ತಾಳೆ, ಜಿಮ್ಮಿನಲ್ಲಿ ನಾಯಕಿಯ ಪಕ್ಕದ ಟ್ರೆಡ್‌ಮಿಲ್ಲಿನಲ್ಲಿ ನಡೆಯುತ್ತಾಳೆ, ಬಟ್ಟೆ ಅಂಗಡಿಯಲ್ಲಿ ಟ್ರಯಲ್ ರೂಮಿನ ಹೊರಗೆ ನಿಂತು ಪರದೆ ಸರಿಸುತ್ತಾಳೆ. ನಾಯಕಿಯ ಮನೆಯನ್ನು ನಾನು ಫ್ರಿಜ್ಜಿನ ಒಳಗಿನವರೆಗೂ ನೋಡಿದ್ದೇನೆ. ಗೆಳತಿಯ ಮನೆಯ ಬಾಗಿಲಿನ ಬಣ್ಣ ಕೂಡ ಗೊತ್ತಿಲ್ಲ. ಬಹುಶಃ ಇಲ್ಲವೇ ಇಲ್ಲ. ದೃಶ್ಯ ಮುಗಿದ ಮೇಲೆ ಅವಳನ್ನು ಮಡಚಿ ಕಪಾಟಿನಲ್ಲಿ ಇಡುತ್ತಾರೇನೋ.

ಇದಕ್ಕೆ ಪೋಸ್ಟರಿನಲ್ಲಿ ಡೈವರ್ಸಿಟಿ ಅಂತ ಹೆಸರು. ಮುಂದೆ ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತಾರೆ, ಹಿಂದೆ ಒಬ್ಬ ಕಪ್ಪು ಗೆಳತಿ, ಒಬ್ಬ ಗೇ ಗೆಳೆಯ, ದಪ್ಪಗಿರುವ ಒಬ್ಬರು, ಕಂಪ್ಯೂಟರ್ ಬಲ್ಲ ಏಷ್ಯಾದ ಒಬ್ಬ ಹುಡುಗ. ಎಲ್ಲರೂ ಇದ್ದಾರಲ್ಲ, ಇನ್ನೇನು ಬೇಕು? ಹಾಜರಿ ಪುಸ್ತಕದಲ್ಲಿ ಎಲ್ಲರದ್ದೂ ಸಹಿ ಇದೆ. ಪ್ರೀತಿ ಮಾಡುವ ಕೆಲಸ ಮಾತ್ರ ಮುಂದಿನ ಇಬ್ಬರಿಗೆ, ಉಳಿದವರು ಸಲಹಾ ಸಮಿತಿ.

ಈ ಸಮಿತಿಯಲ್ಲಿ ಅತಿ ಹೆಚ್ಚು ದುಡಿದವನು ಅಂದ್ರೆ 1997ರ 'ಮೈ ಬೆಸ್ಟ್ ಫ್ರೆಂಡ್ಸ್ ವೆಡ್ಡಿಂಗ್'ನ ಜಾರ್ಜ್. ರೂಪರ್ಟ್ ಎವರೆಟ್ ಮಾಡಿದ ಗೇ ಗೆಳೆಯನ ಪಾತ್ರ. ನಾಯಕಿ ಜೂಲಿಯಾ ರಾಬರ್ಟ್ಸ್ ಕಷ್ಟದಲ್ಲಿದ್ದಾಳೆ ಅಂದರೆ ನ್ಯೂಯಾರ್ಕಿನಿಂದ ಷಿಕಾಗೊಗೆ ವಿಮಾನ ಹತ್ತಿ ಬರುತ್ತಾನೆ. ಬಂದು ಅವಳ ನಿಶ್ಚಿತ ವರನಂತೆ ನಾಟಕ ಆಡುತ್ತಾನೆ, ಟೇಬಲ್ಲಿನಲ್ಲಿ ಕೂತವರನ್ನೆಲ್ಲ ಹಾಡಿಸುತ್ತಾನೆ, ವಾಪಸ್ ಹೋಗುತ್ತಾನೆ. ಬಿಡುಗಡೆಗೆ ಮೊದಲು ಪ್ರೇಕ್ಷಕರಿಗೆ ತೋರಿಸಿ ನೋಡಿದಾಗ ಅವರಿಗೆ ಜಾರ್ಜ್ ಎಷ್ಟು ಹಿಡಿಸಿದನೆಂದರೆ ಕ್ಲೈಮ್ಯಾಕ್ಸನ್ನೇ ಮತ್ತೆ ಚಿತ್ರೀಕರಿಸಿದರು. ಇಂಥ ಭಾಗ್ಯ ಎಷ್ಟು ಪಾತ್ರಗಳಿಗೆ ಸಿಗುತ್ತದೆ ಹೇಳಿ. ಜನ ಕೇಳಿಕೇಳಿ ಒಬ್ಬನಿಗೆ ಬಡ್ತಿ ಕೊಡಿಸಿದ್ದಾರೆ. ಆ ಬಡ್ತಿ ಏನು ಗೊತ್ತಾ? ಇನ್ನೊಂದು ಸಲ ವಿಮಾನ ಹತ್ತಿ ಬರುವುದು. ಬಂದು ನಾಯಕಿಯ ಜೊತೆ ಕುಣಿಯುವುದು. ಅವನನ್ನು ಯಾರಾದರೂ ಪ್ರೀತಿಸುತ್ತಾರಾ, ಊರಲ್ಲಿ ಅವನಿಗಾಗಿ ಯಾರಾದರೂ ಕಾಯುತ್ತಾ ಕೂತಿದ್ದಾರಾ ಎಂಬುದನ್ನು ಹೇಳಲು ಮರುಚಿತ್ರೀಕರಣದಲ್ಲೂ ಪುರಸೊತ್ತು ಆಗಲಿಲ್ಲ.

ಆದರೂ ಅದು ಹಳೇ ಕಾಲ ಅನ್ನಬಹುದು. ಹೋಗಲಿ, ಬಣ್ಣದವರನ್ನು ಮುಂದಿನ ಸಾಲಿಗೇ ತಂದ ಕಥೆ ನೋಡೋಣ. 2005ರಲ್ಲಿ 'ಹಿಚ್' ಬಂತು. ನಾಯಕ ವಿಲ್ ಸ್ಮಿತ್, ಆಗ ಜಗತ್ತಿನ ಅತಿ ದೊಡ್ಡ ತಾರೆಗಳಲ್ಲಿ ಒಬ್ಬ. ಕಥೆಯಲ್ಲಿ ಅವನ ಕಸುಬು ಬೇರೆ ಗಂಡಸರಿಗೆ ಹೆಣ್ಣಿನ ಮನಸ್ಸು ಗೆಲ್ಲುವುದನ್ನು ಕಲಿಸುವುದು. ಇಂಥವನಿಗೆ ಒಬ್ಬ ಜೋಡಿ ಹುಡುಕುವುದು ಕಷ್ಟವಾ? ಸಿಕ್ಕಾಪಟ್ಟೆ ಕಷ್ಟವಾಯಿತು. ಸ್ಮಿತ್ ಆಗ ಸಂದರ್ಶನವೊಂದರಲ್ಲಿ ಲೆಕ್ಕ ಬಿಡಿಸಿ ಹೇಳಿದ. ನಾಯಕಿಯೂ ಕಪ್ಪಾದರೆ ಹೊರದೇಶಗಳಲ್ಲಿ ಜನ ನೋಡುವುದಿಲ್ಲ ಎಂಬ ನಂಬಿಕೆ ಉದ್ಯಮದಲ್ಲಿದೆ. ನಾಯಕಿ ಬಿಳಿಯಾದರೆ ಹೊರಗೆ ನಡೆಯುತ್ತದೆ, ಅಮೆರಿಕದಲ್ಲೇ ತೊಂದರೆ. ಹಾಗಾಗಿ ಕ್ಯೂಬಾ ಮೂಲದ ಈವಾ ಮೆಂಡೆಸ್.

ಇದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಯಾವುದೋ ಗಾಜಿನ ಕೋಣೆಯಲ್ಲಿ, ದೊಡ್ಡ ಸಂಬಳದ ಹತ್ತು ಜನ, ಗೋಡೆ ಮೇಲೆ ಭೂಪಟ. ಒಬ್ಬ ಪೆನ್ನಿನಿಂದ ತೋರಿಸುತ್ತಾನೆ: ಸಾರ್, ಈ ಬಣ್ಣಕ್ಕೆ ಈ ಖಂಡದಲ್ಲಿ ಬೇಡಿಕೆ ಇಲ್ಲ, ಆ ಬಣ್ಣಕ್ಕೆ ಈ ರಾಜ್ಯದಲ್ಲಿ ತಕರಾರಿದೆ. ಇನ್ನೊಬ್ಬ ಗೋಡೆಗೆ ಬಳಿಯುವ ಪೇಂಟಿನ ಕಾರ್ಡಿನ ಥರ ಒಂದು ಪಟ್ಟಿ ಹಿಡಿದು, ಇದು ಎರಡೂ ಕಡೆಗೆ ಹೊಂದುತ್ತೆ ನೋಡಿ ಅನ್ನುತ್ತಾನೆ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಒಲವು ಹುಟ್ಟುತ್ತದೆ. ಪಾಪ, ಮೆಂಡೆಸ್ ಚೆನ್ನಾಗಿಯೇ ನಟಿಸಿದ್ದಾಳೆ, ಸಿನಿಮಾ 35 ಕೋಟಿ ಡಾಲರಿಗೂ ಜಾಸ್ತಿ ಗಳಿಸಿತು. ಅದು ಲೆಕ್ಕದಿಂದ ಬಂದ ದುಡ್ಡು ಅಂತ ಕೋಣೆಯಲ್ಲಿದ್ದವರು ಈಗಲೂ ನಂಬಿರುತ್ತಾರೆ. ಜನ ನಕ್ಕಿದ್ದಕ್ಕೆ ಬಂತು ಅಂತ ಒಬ್ಬರಿಗಾದರೂ ಹೊಳೆದಿದ್ದರೆ ಹೆಚ್ಚು.

ಈ ಲೆಕ್ಕದ ಅಜ್ಜ ಇನ್ನೂ ಸ್ವಾರಸ್ಯವಾಗಿದ್ದಾನೆ. 1930ರಲ್ಲಿ ಬರೆದು 1934ರಿಂದ ಬಿಗಿಯಾಗಿ ಜಾರಿಗೆ ತಂದ ಹಾಲಿವುಡ್ಡಿನ ನೀತಿಸಂಹಿತೆ, ಹೇಸ್ ಕೋಡ್ ಅಂತಾರೆ. ಬಿಳಿಯರ, ಕರಿಯರ ನಡುವಿನ ಲೈಂಗಿಕ ಸಂಬಂಧ ತೆರೆಯ ಮೇಲೆ ಕೂಡದು ಅಂತ ಅದರಲ್ಲಿತ್ತು. ಬರೆದದ್ದು ಇಬ್ಬರ ಬಗ್ಗೆ, ಪಾಲಿಸಿದ್ದು ಎಲ್ಲರ ಮೇಲೆ. ಲಾಸ್ ಏಂಜಲೀಸಿನಲ್ಲೇ ಹುಟ್ಟಿದ ಚೀನೀ ಮೂಲದ ನಟಿ ಆನಾ ಮೇ ವಾಂಗ್ ಆಗ ದೊಡ್ಡ ಹೆಸರು. 1937ರ 'ದಿ ಗುಡ್ ಅರ್ತ್' ಚೀನೀ ರೈತ ದಂಪತಿಯ ಕಥೆ. ಕಾಮಿಡಿ ಏನಲ್ಲ, ಆದರೆ ಪಾತ್ರ ಹಂಚಿದ್ದು ಅಪ್ಪಟ ಕಾಮಿಡಿ. ರೈತನ ಪಾತ್ರಕ್ಕೆ ಬಿಳಿಯ ನಟ ಪಾಲ್ ಮುನಿಗೆ ಮೇಕಪ್ ಹಾಕಿ ಚೀನೀಯ ಮಾಡಿದರು. ಈಗ ಹೆಂಡತಿ ಯಾರು? ವಾಂಗ್ ನಿಜವಾಗಿ ಚೀನೀ ಮೂಲದವಳು. ಆದರೆ ಗಂಡ ನಿಜವಾಗಿ ಬಿಳಿಯ. ಚೀನೀ ಗಂಡನಿಗೆ ಚೀನೀ ಹೆಂಡತಿ ಕೊಟ್ಟರೆ ಅದು ಅಂತರ್ಜನಾಂಗೀಯ ಸಂಬಂಧ ಆಗಿಬಿಡುತ್ತದೆ! ಇನ್ನೊಂದು ಸಲ ಓದಿ, ನನಗೂ ಎರಡು ಸಲ ಬೇಕಾಯಿತು. ಹೆಂಡತಿಯ ಪಾತ್ರ ಲೂಯಿಸ್ ರೈನರ್‌ಗೆ ಹೋಯಿತು, ಅವಳಿಗೂ ಮೇಕಪ್, ಅದಕ್ಕೆ ಆಸ್ಕರ್ ಕೂಡ ಬಂತು. ವಾಂಗ್‌ಗೆ ಮನೆ ಹಾಳುಮಾಡುವ ಎರಡನೇ ಹೆಣ್ಣಿನ ಪಾತ್ರದ ಆಸೆ ತೋರಿಸಿದರು. ಬೇಡ ಅಂದಳು.

1967ರ ಜೂನ್‌ವರೆಗೂ ಅಮೆರಿಕದ 16 ರಾಜ್ಯಗಳಲ್ಲಿ ಇಂಥ ಅಂತರ್ಜನಾಂಗೀಯ ಮದುವೆ ಕಾನೂನಿನಲ್ಲೇ ಅಪರಾಧ. ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದ ವರ್ಷವೇ, ಡಿಸೆಂಬರಿನಲ್ಲಿ, ಸಿಡ್ನಿ ಪಾಟಿಯೆ ಬಿಳಿಯರ ಮನೆಗೆ ಅಳಿಯನಾಗಲು ಬಂದ ಸಿನಿಮಾ 'ಗೆಸ್ ಹೂಸ್ ಕಮಿಂಗ್ ಟು ಡಿನ್ನರ್' ತೆರೆಕಂಡಿತು. ಅಳಿಯನ ಅರ್ಹತೆ ನೋಡಿ: ಜಗತ್ತೇ ತಲೆಬಾಗುವ ವೈದ್ಯ, ಮಾತಿನಲ್ಲಿ ವಿನಯ, ಒಂದು ಚೂರು ಕೊಂಕಿಲ್ಲ, ಮಾವ ಒಪ್ಪದಿದ್ದರೆ ತಾನೇ ಹಿಂದೆ ಸರಿಯುತ್ತೇನೆ ಎನ್ನುವ ಸಂಭಾವಿತ. ಹುಡುಗಿಯ ಅರ್ಹತೆ, ನಗುಮುಖ. ಇಷ್ಟೆಲ್ಲ ಇದ್ದೂ ಅವರು ಮುತ್ತಿಡುವುದು ಟ್ಯಾಕ್ಸಿಯಲ್ಲಿ. ನಮಗೆ ಕಾಣುವುದು ಡ್ರೈವರಿನ ಕನ್ನಡಿಯೊಳಗೆ. ಅಂಗೈಯಗಲದ ಕನ್ನಡಿ. ಡ್ರೈವರಿಗೆ ನಮಗಿಂತ ಚೆನ್ನಾಗಿ ಕಂಡಿರಬೇಕು.

ಆಯಿತು, ಕೋಡ್ 1968ರಲ್ಲಿ ಸತ್ತಿತು. ಮೇಕಪ್ ಪೆಟ್ಟಿಗೆ ಮುಚ್ಚಿದರಾ? 2015ರಲ್ಲಿ ಕ್ಯಾಮರನ್ ಕ್ರೋ ತೆಗೆದ 'ಅಲೋಹಾ' ಬಂತು, ಹವಾಯಿಯಲ್ಲಿ ನಡೆಯುವ ಪ್ರೇಮಕಥೆ. ಕಾಲು ಭಾಗ ಚೀನೀ, ಕಾಲು ಭಾಗ ಹವಾಯಿ ಮೂಲದ ಆಲಿಸನ್ ಇಂಗ್ ಎಂಬ ಪಾತ್ರದಲ್ಲಿ ಎಮಾ ಸ್ಟೋನ್. ಈ ಸಲ ಮೇಕಪ್ಪೂ ಹಾಕಲಿಲ್ಲ, ಆ ಮಟ್ಟಿಗೆ ಪ್ರಗತಿ. ತನ್ನ ಮೂಲ ಇಂಥದ್ದು ಅಂತ ಆ ಪಾತ್ರವೇ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಓಡಾಡುತ್ತದೆ, ಕಂಡಕ್ಟರಿಗೆ ಪಾಸ್ ತೋರಿಸಿದ ಹಾಗೆ. ನಿರ್ದೇಶಕ ಕ್ಷಮೆ ಕೇಳಿದ. 2019ರ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಸಮಾರಂಭದಲ್ಲಿ ಏಷ್ಯಾ ಮೂಲದ ನಟಿ ಸಾಂಡ್ರಾ ಓ ಇದನ್ನೇ ಹಿಡಿದು ಒಂದು ಚಟಾಕಿ ಹಾರಿಸಿದಾಗ ಸಭೆಯಲ್ಲಿ ಕೂತಿದ್ದ ಸ್ಟೋನ್ ಅಲ್ಲಿಂದಲೇ ಸಾರಿ ಅಂತ ಕೂಗಿದಳು. ಆ ಒಂದು ಕೂಗು ಇಡೀ ಸಿನಿಮಾಗಿಂತ ಚೆನ್ನಾಗಿತ್ತು.

ಸಾರಿ ಅಂದಾಗ ನೆನಪಾಯಿತು, ರಿಚರ್ಡ್ ಕರ್ಟಿಸ್. ಇಂಗ್ಲಿಷ್ ರೊಮ್ಯಾಂಟಿಕ್ ಕಾಮಿಡಿಯ ಮೇಷ್ಟ್ರು. 1999ರ 'ನಾಟಿಂಗ್ ಹಿಲ್' ಬರೆದವನು. ಲಂಡನ್ನಿನ ನಾಟಿಂಗ್ ಹಿಲ್ ಎಂಬ ಬಡಾವಣೆ ಕೆರಿಬಿಯನ್ ಮೂಲದವರ ಕಾರ್ನಿವಲ್ಲಿಗೆ ಹೆಸರುವಾಸಿ, ಪ್ರತಿ ಆಗಸ್ಟಿನಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಸಿನಿಮಾದಲ್ಲಿ ಅದೇ ಬೀದಿ, ಅದೇ ಸಂತೆ. ಕಪ್ಪು ಮುಖ ಹುಡುಕಬೇಕಾದರೆ ದುರ್ಬೀನು ಬೇಕು. ಅಷ್ಟು ಜನರ ಮಧ್ಯೆ ಕ್ಯಾಮೆರಾ ಯಾರಿಗೂ ತಾಗಿಸದೆ ಹಾಯ್ದು ಹೋಯಿತಲ್ಲ, ಆ ಕ್ಯಾಮೆರಾಮನ್ನಿಗೆ ಒಂದು ಪ್ರಶಸ್ತಿ ಕೊಡಬೇಕಿತ್ತು.

ನಾಲ್ಕು ವರ್ಷ ಬಿಟ್ಟು ಅದೇ ಕರ್ಟಿಸ್ 'ಲವ್ ಆಕ್ಚುಯಲಿ' ತೆಗೆದ. ಲಂಡನ್ನಿನ ತುಂಬ ಪ್ರೀತಿ, ಜೋಡಿಗಳು ಒಂದಲ್ಲ ಎರಡಲ್ಲ. ಅದರಲ್ಲಿ ಒಬ್ಬ ಕಪ್ಪು ಮದುಮಗ ಇದ್ದಾನೆ, ಚೂಯಿಟೆಲ್ ಎಜಿಯೋಫರ್. ಹೆಂಡತಿ ಕೀರಾ ನೈಟ್ಲಿ. ಸರಿಯಾಗಿ ನೋಡಿ ಆಮೇಲೆ ಏನಾಗುತ್ತದೆ ಅಂತ. ಗಂಡನ ಆಪ್ತ ಗೆಳೆಯ ಮದುವೆಯ ವಿಡಿಯೊ ತೆಗೆದಿದ್ದಾನೆ, ಅದರಲ್ಲಿ ಬರೀ ಮದುಮಗಳು. ಮದುಮಗನೇ ಇಲ್ಲ. ಕ್ರಿಸ್‌ಮಸ್ ಹಿಂದಿನ ರಾತ್ರಿ ಅದೇ ಗೆಳೆಯ ಇವರ ಮನೆ ಬಾಗಿಲಿಗೆ ಬರುತ್ತಾನೆ. ಕೈಯಲ್ಲಿ ದೊಡ್ಡ ದೊಡ್ಡ ರಟ್ಟುಗಳು, ಅದರ ಮೇಲೆ ಪ್ರೇಮ ನಿವೇದನೆ. ಒಂದೊಂದೇ ತಿರುವಿ ಹಾಕುತ್ತಾನೆ. ಒಳಗಿನಿಂದ ಯಾರದು ಅಂತ ಗಂಡ ಕೇಳಿದರೆ, ಹಬ್ಬದ ಹಾಡು ಹೇಳುವವರು ಅನ್ನುತ್ತಾಳೆ. ಒಂದು ಪೌಂಡ್ ಕೊಟ್ಟು ಸಾಗಹಾಕು ಅನ್ನುತ್ತಾನೆ ಗಂಡ, ಸೋಫಾದಿಂದಲೇ. ಅವಳು ಬೀದಿಗೆ ಓಡಿ ಗೆಳೆಯನಿಗೆ ಒಂದು ಮುತ್ತು ಕೊಟ್ಟು ಬರುತ್ತಾಳೆ. ಜಗತ್ತಿನಲ್ಲಿ ಎಷ್ಟೋ ಜನ ಈ ದೃಶ್ಯ ನೋಡಿ ಕಣ್ಣು ಒದ್ದೆ ಮಾಡಿಕೊಂಡಿದ್ದಾರೆ. ನಾನೂ. ಮೊದಲ ಸಲ ನೋಡಿದಾಗ ಒಳಗೆ ಕೂತವನ ನೆನಪೇ ಬಂದಿರಲಿಲ್ಲ, ನಿಜ ಹೇಳಬೇಕು ಅಂದ್ರೆ. ಪ್ರೇಮದ ಸಿನಿಮಾದಲ್ಲಿ ಅವನಿಗೂ ಜಾಗ ಸಿಕ್ಕಿತ್ತು, ಟೀವಿ ಮುಂದೆ. ತನ್ನ ಹೆಂಡತಿಗೆ ಪ್ರೇಮ ನಿವೇದಿಸಲು ಬಂದವನಿಗೆ ದಕ್ಷಿಣೆ ಕೊಡು ಅನ್ನುವಷ್ಟು ದೊಡ್ಡ ಮನಸ್ಸು ಬೇರೆ.

ಸಿನಿಮಾದಲ್ಲಿ ವೈವಿಧ್ಯ ಇರಲಿಲ್ಲ, ಈಗ ನೋಡಿದರೆ ನಾನು ಪೆದ್ದ ಅನ್ನಿಸುತ್ತದೆ ಅನ್ನೋ ಅರ್ಥದಲ್ಲಿ ಕರ್ಟಿಸ್ 2022ರ ಟೀವಿ ಸಂದರ್ಶನದಲ್ಲಿ ಹೇಳಿಕೊಂಡ. ಒಪ್ಪಿಕೊಂಡನಲ್ಲ, ಅಷ್ಟು ಸಾಕು. ಅವನ ಪಾಡಿಗೆ ಅವನನ್ನು ಬಿಡೋಣ.

ಈಚೆಗೆ ಗಾಳಿ ತಿರುಗಿದೆ ಅಂತಾರೆ. ತಿರುಗಿದ್ದು ಹೌದು. 2018ರ 'ಕ್ರೇಜಿ ರಿಚ್ ಏಷ್ಯನ್ಸ್' ಮೂಲ ಕಾದಂಬರಿಯ ಲೇಖಕ ಕೆವಿನ್ ಕ್ವಾನ್ ಒಂದು ಪ್ರಸಂಗ ಹೇಳಿದ್ದಾನೆ: ಕಾದಂಬರಿಯನ್ನು ಸಿನಿಮಾ ಮಾಡಲು ಬಂದ ಒಬ್ಬ ನಿರ್ಮಾಪಕ, ನಾಯಕಿಯನ್ನು ಬಿಳಿ ಹುಡುಗಿ ಮಾಡೋಣ ಅಂದನಂತೆ. ಹೆಸರಲ್ಲೇ ಏಷ್ಯನ್ಸ್ ಅಂತ ಇರುವ ಕಥೆಗೆ! ಕ್ವಾನ್ ಒಪ್ಪಲಿಲ್ಲ. ಸುಮಾರು 3 ಕೋಟಿ ಡಾಲರಿನಲ್ಲಿ ತೆಗೆದ ಸಿನಿಮಾ 23 ಕೋಟಿ ಡಾಲರ್ ದಾಟಿತು. ದೊಡ್ಡ ಸ್ಟುಡಿಯೊವೊಂದು ಈ ಕಾಲದ ಕಥೆಗೆ ಬಹುಪಾಲು ಏಷ್ಯಾ ಮೂಲದ ನಟರನ್ನೇ ಹಾಕಿದ್ದು 1993ರ ನಂತರ ಅದೇ ಮೊದಲು. 25 ವರ್ಷ. ಮಧ್ಯೆ ಆ ಭೂಪಟದವರು ಏನು ಮಾಡುತ್ತಿದ್ದರೋ.

ಹೆಮ್ಮೆಯಿಂದ ನೋಡಲು ಕೂತೆ. ಸಿಂಗಪುರದ ಭಾರೀ ಶ್ರೀಮಂತರು, ಚಿನ್ನ, ಹೂವು, ಹೆಲಿಕಾಪ್ಟರ್. ತಮಿಳು ಆ ದೇಶದ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು, ಹಾಗಾಗಿ ನಮ್ಮ ಮೈಬಣ್ಣದವರೂ ಯಾರಾದರೂ ಪ್ರೀತಿಗೀತಿ ಮಾಡುತ್ತಾರೇನೋ ಅಂತ ಆಸೆಪಟ್ಟು ಕಾದೆ. ಬಂದರು. ಬಂಗಲೆಯ ಗೇಟಿನ ಹತ್ತಿರ, ಬಂದೂಕು ಹಿಡಿದುಕೊಂಡು, ಕಾರಿನಲ್ಲಿ ಬಂದ ಹೆಣ್ಣುಮಕ್ಕಳಿಗೆ ಹೆದರಿಕೆ ಹುಟ್ಟಿಸಿ, ಒಳಗೆ ಬಿಟ್ಟರು. ಕಾರು ಹೋಯಿತು. ಪಾರ್ಟಿ ಒಳಗೆ. ಇವರು ಅಲ್ಲೇ. ವೈವಿಧ್ಯದ ಬಸ್ಸು ಹತ್ತಿದ ಮೇಲೂ ನಮಗೆ ಫುಟ್‌ಬೋರ್ಡು.

2022ರಲ್ಲಿ 'ಬ್ರೋಸ್'. ಇಬ್ಬರು ಗಂಡಸರ ಪ್ರೇಮದ ಕಾಮಿಡಿ, ಮುಖ್ಯ ಪಾತ್ರ ಮಾಡಿದವರೆಲ್ಲ ಎಲ್‌ಜಿಬಿಟಿಕ್ಯೂ ಸಮುದಾಯದವರೇ. ಇಲ್ಲಿ ಪ್ರಚಾರದವರ ಸರದಿ. ದೊಡ್ಡ ಸ್ಟುಡಿಯೊ ತೆಗೆದ, ಚಿತ್ರಮಂದಿರಗಳಿಗೆ ದೊಡ್ಡ ಮಟ್ಟದಲ್ಲಿ ಬಂದ, ಇಂಥವರೇ ಬರೆದ, ಇಂಥವರೇ ನಟಿಸಿದ ಪ್ರಪ್ರಥಮ ಅಂತ ವಿಶೇಷಣಗಳನ್ನು ಪೋಣಿಸಿ ಪೋಣಿಸಿ, ಮೊದಲನೆಯದು ಅನ್ನುವ ಹೊತ್ತಿಗೆ ಕೇಳುವವರಿಗೆ ಉಸಿರು ಕಟ್ಟುತ್ತಿತ್ತು. ಚರಿತ್ರೆ ಅಂದರು, ಮೈಲಿಗಲ್ಲು ಅಂದರು. ನಗು ಬರುತ್ತೆ ಅಂತ ಹೇಳಲು ಮರೆತರೇನೋ. ರಾತ್ರಿ ಪ್ರೇಮದ ಕಾಮಿಡಿಗೆ ಹೋಗುವವರು ಮೈಲಿಗಲ್ಲು ನೋಡಲು ಹೋಗುತ್ತಾರಾ? ಮೊದಲ ವಾರಾಂತ್ಯದಲ್ಲಿ 50 ಲಕ್ಷ ಡಾಲರೂ ಆಗಲಿಲ್ಲ, ಖರ್ಚು 2.2 ಕೋಟಿ. ನಾಯಕ ನಟ ಬಿಲಿ ಐಕ್ನರ್, ಸ್ಟ್ರೈಟ್ ಜನ, ಅಂದರೆ ಗೇ ಅಲ್ಲದವರು, ಬರಲೇ ಇಲ್ಲ ಅಂತ ಬೇಸರ ಮಾಡಿಕೊಂಡ. ಟಿಕೆಟ್ ತಗೊಳ್ಳೋದು ಮತ ಹಾಕುವ ಕರ್ತವ್ಯದ ಥರ ಆಗಿಬಿಟ್ಟರೆ ಜನ ಮನೇಲೇ ಉಳಿಯುತ್ತಾರೆ, ಮತಕ್ಕೇ ಬರಲ್ಲ. ಆದರೆ ಅವನ ಬೇಸರ ನನಗೆ ಅರ್ಥ ಆಗುತ್ತದೆ. ಬಿಳಿಯ ಗಂಡು, ಬಿಳಿಯ ಹೆಣ್ಣು ಇರುವ ಪ್ರೇಮದ ಸಿನಿಮಾ ತೋಪಾದರೆ ಹಾಡು ಸರಿಯಿಲ್ಲ, ಬಿಡುಗಡೆಯ ವಾರ ಸರಿಯಿಲ್ಲ, ಮುಂದಿನ ತಿಂಗಳು ಇನ್ನೊಂದು ತೆಗೆಯೋಣ ಅಂತಾರೆ. ಬಿಳಿಯರ ಪ್ರೀತಿಗೆ ಮಾರ್ಕೆಟ್ ಇಲ್ಲ ಅಂತ ಯಾರೂ ವರದಿ ಬರೆಯುವುದಿಲ್ಲ. ಇವರದ್ದು ಒಂದೇ ಒಂದು ಸೋಲಲಿ ಸಾಕು, ಇಡೀ ಸಮುದಾಯವೇ ಫೇಲ್. ಮತ್ತೆ ಪರೀಕ್ಷೆ ಬರೆಯಲು ಎಷ್ಟು ವರ್ಷ ಕಾಯಬೇಕೋ.

ಅಂದಹಾಗೆ ಆಸ್ಕರಿನವರು ಇದಕ್ಕೂ ಒಂದು ನಿಯಮ ಮಾಡಿದ್ದಾರೆ. 2024ರ ಪ್ರಶಸ್ತಿಯಿಂದ, ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಬರಬೇಕಾದರೆ ನಾಲ್ಕು ಮಾನದಂಡಗಳಲ್ಲಿ ಎರಡು ಪೂರೈಸಬೇಕು. ತೆರೆಯ ಮೇಲೆ ಯಾರಿದ್ದಾರೆ ಎಂಬುದು ಅದರಲ್ಲಿ ಒಂದು. ಉಳಿದವು ತಂತ್ರಜ್ಞರು, ತರಬೇತಿಗೆ ಬಂದವರು, ಮಾರ್ಕೆಟಿಂಗಿನವರು ಹೀಗೆ. ಅಂದರೆ ತೆರೆಯ ಮೇಲೆ ಒಂದೇ ಬಣ್ಣದವರು ಪ್ರೀತಿಸಿಕೊಂಡಿದ್ದರೂ ನಡೆಯುತ್ತದೆ, ತರಬೇತಿಗೆ ಬಂದವರು, ಪೋಸ್ಟರ್ ಹಂಚುವ ಕಚೇರಿಯವರು ಬಣ್ಣಬಣ್ಣವಾಗಿದ್ದರೆ ಆಯಿತು. ರೊಮ್ಯಾಂಟಿಕ್ ಕಾಮಿಡಿಗೆ ಹೇಗೂ ಆಸ್ಕರ್ ಸಿಗುವುದು ಅಪರೂಪ. ಅದಕ್ಕೆ ಆ ಚಿಂತೆಯೂ ಇಲ್ಲ.

ಗಾಲಿಕುರ್ಚಿಯಲ್ಲಿ ಕೂತವರ ವಿಷಯ ನಾನು ಎತ್ತೇ ಇಲ್ಲ ನೋಡಿ. ಅವರಿಗೆ ಹಿಂದಿನ ಸಾಲಿನಲ್ಲೂ ಜಾಗ ಸಿಗುವುದು ಅಪರೂಪ. ಏರ್‌ಪೋರ್ಟಿನಲ್ಲಿ ಓಡಬೇಕಲ್ಲ, ಅದಕ್ಕಿರಬಹುದು. ಗಾಲಿ ಇದ್ದರೆ ಇನ್ನೂ ಬೇಗ ತಲುಪಬಹುದು ಅಂತ ಆ ಕೋಣೆಯಲ್ಲಿ ಯಾರಾದರೂ ಹೇಳಬಾರದಾ.

ಅಷ್ಟು ಹೊತ್ತು ಟೀವಿ ನಿಲ್ಲಿಸಿಯೇ ಇಟ್ಟಿದ್ದೆ. ಗೆಳತಿ ಚಮಚ ಎತ್ತಿಕೊಂಡು ಹಾಗೇ ಕೂತಿದ್ದಳು. ಪಾಪ ಅನ್ನಿಸಿ ಮತ್ತೆ ಹಾಕಿದೆ. ನಾಯಕಿ ಇನ್ನೂ ಸ್ವಲ್ಪ ಅತ್ತಳು, ಐಸ್‌ಕ್ರೀಮು ತಿಂದಳು, ಮೂಗು ಒರೆಸಿಕೊಂಡಳು. ಆಮೇಲೆ ಒಂದು ಪವಾಡ ನಡೆಯಿತು. ನನ್ನ ಕಥೆ ಸಾಕು, ನಿಂದೇನೇ ವಿಷಯ ಅಂತ ಕೇಳಿಯೇಬಿಟ್ಟಳು! ನಾನು ಸೆಟೆದು ಕೂತೆ. ಗೆಳತಿ ನಕ್ಕಳು. ಚಮಚ ಕೆಳಗಿಟ್ಟಳು. ಕಣ್ಣಲ್ಲಿ ಏನೋ ಮಿಂಚಿತು. ನಿನಗೆ ಹೇಳಬೇಕು ಅಂತಲೇ ಇದ್ದೆ, ಕಳೆದ ವಾರ ಒಬ್ಬರು ಸಿಕ್ಕಿದ್ದರು ಕಣೇ ಅಂತ ಶುರು ಮಾಡಿದಳು.

ಅಷ್ಟರಲ್ಲಿ ನಾಯಕಿಯ ಫೋನು ರಿಂಗಾಯಿತು. ಅವನೇ. ಗೆಳತಿ ತಾನೇ ಫೋನ್ ಎತ್ತಿ ಅವಳ ಕೈಗೆ ಕೊಟ್ಟು, ಮಾತಾಡು ಮಾತಾಡು ಅಂತ ಸನ್ನೆ ಮಾಡಿ, ಐಸ್‌ಕ್ರೀಮ್ ಡಬ್ಬ ತಗೊಂಡು ಫ್ರೇಮಿನಿಂದ ಎದ್ದು ಹೋದಳು. ನಾನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಯಾರು ಸಿಕ್ಕಿದ್ದರು ಅಂತ ಕೊನೆಗೂ ಗೊತ್ತಾಗಲಿಲ್ಲ.